ನಲವತ್ತೊಂದನೇ ಮನೆಯ ಉತ್ತರ

ಹುಬ್ಬಳ್ಳಿ
೩ ಜೂನ್ ೨೦೨೪

ಬೆಂಜಮಿನ್ ಸರ್ ಅವರಿಗೆ,

ಇಪ್ಪತ್ತು ಕಿಲೋಮೀಟರ್ ದೂರದ ಮಾಳಮಡ್ಡಿಗೆ ಅಂಚೆಯಲ್ಲಿ ಪತ್ರ ಹಾಕುತ್ತಿದ್ದಾಳೆ ಎಂದು ನಗಬೇಡಿ. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ "ಊಟಾ ಆತೇನವಾ?" ಎಂದು ಅಡ್ಡ ಬಾಯಿ ಹಾಕುತ್ತೀರಿ. ಎದುರಿಗೆ ಬಂದು ಕೇಳೋಣವೆಂದರೆ ನನಗೇ ಧೈರ್ಯ ಸಾಲದು. ನಿಮ್ಮ ಪಡಸಾಲೆಯಲ್ಲಿ ಕೂತರೆ ಇವತ್ತಿಗೂ ಒಂಬತ್ತನೇ ಇಯತ್ತೆಯ ಹುಡುಗಿಯ ಹಾಗೆ ಕೈ ಬೆವರುತ್ತದೆ. ಅದಕ್ಕೇ ಈ ಕಾಗದ.

ನಮ್ಮ ಅಧ್ಯಯನ ಕೇಂದ್ರದ ಮುಗದದ ಕೆಲಸ ನಿಮಗೆ ಗೊತ್ತೇ ಇದೆ. ಅದೇ ಅರವತ್ತು ಮನೆ, ಹತ್ತು ವರ್ಷಕ್ಕೊಮ್ಮೆ ಅದೇ ಪ್ರಶ್ನೆ: ಯಾರು ಓದುತ್ತಿದ್ದಾರೆ, ಯಾರು ಬಿಟ್ಟರು, ಯಾಕೆ ಬಿಟ್ಟರು. ೧೯೯೪ರ ಮೊದಲ ಸುತ್ತಿನಲ್ಲಿ, ಬೇಸಿಗೆ ರಜೆಯಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡು ಬಂದ ಮಾಸ್ತರರಲ್ಲಿ ನೀವೂ ಒಬ್ಬರು. ಈಗ ನಾಲ್ಕನೇ ಸುತ್ತು, ಅದರ ಜವಾಬ್ದಾರಿ ನನ್ನದು. ಹಳೆಯ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲು ಒಂದೊಂದನ್ನೂ ಕಣ್ಣಾರೆ ನೋಡಬೇಕೆಂದು ನಾನೇ ಹಟ ಹಿಡಿದೆ. ಸುಮ್ಮನಿರಲಾರದ ಸ್ವಭಾವ, ನಿಮ್ಮಿಂದಲೇ ಬಂದದ್ದು.

ಫಾರ್ಮಿನ ಮೇಲೆ ಹೆಸರಿರುವುದಿಲ್ಲ, ಮನೆಯ ಸಂಖ್ಯೆ ಮಾತ್ರ. ಮೊನ್ನೆ ನಲವತ್ತೊಂದನೇ ಮನೆ ಕೈಗೆ ಬಂತು. ಗಂಡ, ಹೆಂಡತಿ, ಹದಿಮೂರರ ಹುಡುಗಿ, ಎಂಟರ ಹುಡುಗಿ, ಒಂದು ಎಮ್ಮೆ. ಕೊನೆಯಲ್ಲಿ ನಿಮ್ಮ ದುಂಡನೆಯ ಅಕ್ಷರ: "ಕಿರಿಯ ಹುಡುಗಿ ನನ್ನ ಫಾರ್ಮಿನ ಕಾಲಂಗಳನ್ನು ಎಣಿಸಿ ಹತ್ತೊಂಬತ್ತು ಎಂದಳು. ಸರಿ ಇದೆ." ಸರ್, ಅದು ನಮ್ಮ ಮನೆ. ಎಣಿಸಿದವಳು ನಾನು. ಓದಿ ಆಫೀಸಿನಲ್ಲಿ ಒಬ್ಬಳೇ ಕೂತು ನಕ್ಕೆ.

ಆಮೇಲೆ ಹನ್ನೆರಡನೇ ಕಾಲಂ ನೋಡಿದೆ. "ಶಾಲೆ ಬಿಟ್ಟ ಹುಡುಗಿಗೆ ಓದು ಮುಂದುವರಿಸುವ ಮನಸ್ಸಿದೆಯೇ? ಹುಡುಗಿಯನ್ನೇ ಕೇಳಿ ಬರೆಯಿರಿ." ಒಂದು ಅಂದರೆ ಹೌದು, ಎರಡು ಅಂದರೆ ಇಲ್ಲ. ನಮ್ಮ ಪೂನಮ್ ಅಕ್ಕನ ಮುಂದೆ ನೀವು ಎರಡು ಎಂದು ಬರೆದಿದ್ದೀರಿ.

ಏಳನೇ ಇಯತ್ತೆ ಮುಗಿದ ಮೇಲೆ ಅಪ್ಪ ಶಾಲೆ ಬಿಡಿಸಿದಾಗ ಅಕ್ಕ ಮೂರು ದಿನ ಉಂಡಿರಲಿಲ್ಲ. ಅಂಥವಳು ನಿಮ್ಮ ಮುಂದೆ ಓದುವ ಮನಸ್ಸಿಲ್ಲ ಅಂದಳೇ? ನೆನಪಿದ್ದರೆ ಒಂದು ಸಾಲು ಬರೆಯಿರಿ.

ಕೈ ಬೆವರುತ್ತಲೇ ಇರುವ
ಕರುಣಾ


ಮಾಳಮಡ್ಡಿ, ಧಾರವಾಡ
೧೦ ಜೂನ್ ೨೦೨೪

ಕರುಣಾ,

ನಿನ್ನ ಪತ್ರ ಕೊಟ್ಟ ಟಪಾಲಿನವನು "ಇನ್ನೂ ಪತ್ರಾ ಬರೆಯೂ ಮಂದಿ ಅದಾರೇನ್ರಿ ಸರ್?" ಎಂದು ಬಾಗಿಲಲ್ಲೇ ನಿಂತುಬಿಟ್ಟ. ನಾನು ಒಡೆದು ಓದುತ್ತೇನೆ, ಅವನೂ ಕೇಳುತ್ತಾನೆ ಎಂದು ಎಣಿಸಿದ್ದನೋ ಏನೋ. ನಿನ್ನ ಅಕ್ಷರ ಕೆಟ್ಟಿದೆ. ಎಲ್ಲಾ ಕಂಪ್ಯೂಟರಿನ ಪ್ರಸಾದ.

ನೆನಪಿದ್ದರೆ ಎಂದು ಕೇಳುತ್ತೀಯಲ್ಲ. ನನಗೆ ಎಪ್ಪತ್ತಾರು, ಕಿವಿ ಹೋಗಿದೆ, ಆದರೆ ತಲೆ ಹೋಗಿಲ್ಲ ಹುಡುಗಿ. ನಿನ್ನ ಅಪ್ಪ ಹುಚ್ಚಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. "ದೊಡ್ಡಾಕಿಗೆ ಸಾಲ್ಯಾಗ ಮನಸಿಲ್ರಿ ಮಾಸ್ತರ್ರ. ಸಣ್ಣಾಕಿ ಶಾಣ್ಯಾ ಅದಾಳ, ಆಕಿನ್ನ ಓದಸ್ತೇನಿ" ಅಂದ. ನಿನ್ನ ತಾಯಿ ದುರಗವ್ವ ಚಹಾ ಕೊಟ್ಟಳು. ದೊಡ್ಡವಳು ಬಾಗಿಲ ಹಿಂದೆ ನಿಂತಿದ್ದಳು, ಅವಳೂ ಅದನ್ನೇ ಹೇಳಿದಳು, ನಾನು ಬರೆದೆ. ಖಚಿತ.

ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ ದಿನ ನೀನು ಎದ್ದು ನಿಂತು "ನಾಳೆನೂ ಇದು ಹಿಂಗ ಇರತೈತೇನ್ರಿ ಸರ್?" ಎಂದು ಕೇಳಿದ್ದೆ. ಇಡೀ ಕ್ಲಾಸು ನಕ್ಕಿತ್ತು, ನಾನು ನಕ್ಕಿರಲಿಲ್ಲ. ನಾಳೆಯೂ ಹೀಗೆಯೇ, ಸಾವಿರ ವರ್ಷಕ್ಕೂ ಹೀಗೆಯೇ ಎಂದಿದ್ದೆ. ನೀನೋ ಆಮೇಲೆ ಸಂಖ್ಯಾಶಾಸ್ತ್ರಕ್ಕೆ ಹೋಗಿ ಕೂತೆ. ಅಲ್ಲಿ ಎಲ್ಲವೂ 'ಬಹುಶಃ', ಎಲ್ಲವೂ 'ನೂರಕ್ಕೆ ತೊಂಬತ್ತೈದು'. ಅಲ್ಲಿದ್ದವರಿಗೆ ಗಟ್ಟಿಯಾದದ್ದರ ಮೇಲೂ ಅನುಮಾನ ಬರುತ್ತದೆ, ನಿನ್ನ ತಪ್ಪಲ್ಲ.

ಮುಗದದಲ್ಲಿ ಗದ್ದೆಯ ಬದುವಿನ ಮೇಲೆ ಓಡಾಡುವಾಗ ನೋಡಿಕೊಂಡು ನಡೆ. ಮಳೆ ಹಿಡಿದರೆ ಜಾರುತ್ತದೆ.

ನಿನ್ನ ಗಣಿತದ ಮಾಸ್ತರ,
ಬೆಂಜಮಿನ್


ಹುಬ್ಬಳ್ಳಿ
೧೯ ಜೂನ್ ೨೦೨೪

ಸರ್,

ನೀವು 'ಖಚಿತ' ಅಂದರೆ ನಾನು ಪುಸ್ತಕ ಮುಚ್ಚುತ್ತಿದ್ದೆ. ಈ ಸಲ ಮುಚ್ಚಲಿಲ್ಲ. ಸಿಟ್ಟಾಗಬೇಡಿ ಎಂದರೂ ಆಗುತ್ತೀರಿ, ಆಗಿರಿ.

ಆಗಿನ ನಿಮ್ಮ ಪದ್ಧತಿಯನ್ನು ನೀವೇ ನನಗೆ ಹೇಳಿದ್ದಿರಿ. ಊರಲ್ಲಿ ಪೆನ್ಸಿಲ್ಲಿನಿಂದ ಬರೆಯುವುದು, ಮನೆಗೆ ಬಂದು ತಾಳೆ ನೋಡಿ ಶಾಯಿ ಹಾಕುವುದು, ಆಮೇಲೆ ಪೆನ್ಸಿಲ್ ಅಳಿಸುವುದು. ನಲವತ್ತೊಂದನೇ ಮನೆಯ ಫಾರ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಶಾಯಿಯ ಎರಡರ ಕೆಳಗೆ ಪೆನ್ಸಿಲ್ಲಿನ ಒಂದು ಇದೆ. ಉಜ್ಜಿ ಉಜ್ಜಿ ಕಾಗದ ಅಲ್ಲಿ ತೆಳ್ಳಗಾಗಿದೆ.

ಆಮೇಲೆ ನಿಮ್ಮ ಕೈಯ ಇಪ್ಪತ್ತೂ ಫಾರ್ಮು ನೋಡಿದೆ. ಏಳು ಮನೆಗಳಲ್ಲಿ ಹೀಗೆಯೇ ಆಗಿದೆ. ಏಳರಲ್ಲೂ, ಶಾಲೆ ಬಿಡಿಸಿದ ಕಾರಣ ಕೇಳುವ ಒಂಬತ್ತನೇ ಕಾಲಂನಲ್ಲಿ ತಂದೆ 'ಹುಡುಗಿಗೆ ಮನಸ್ಸಿಲ್ಲ' ಅಂದಿದ್ದಾನೆ, ಹನ್ನೆರಡರಲ್ಲಿ ಹುಡುಗಿಯ ಪೆನ್ಸಿಲ್ಲಿನ 'ಹೌದು' ಶಾಯಿಯಲ್ಲಿ 'ಇಲ್ಲ' ಆಗಿದೆ. ಎರಡು ಹೇಳಿಕೆ ಒಂದಕ್ಕೊಂದು ವಿರುದ್ಧವಿದ್ದರೆ ಒಂದು ಸುಳ್ಳಿರಲೇಬೇಕು ಎಂದು ನೀವು ಕಲಿಸಿದ್ದು ನೆನಪಾಯಿತು. ಅಪ್ಪ ಒಂದು ಹೇಳಿದ, ಮಗಳು ಇನ್ನೊಂದು ಹೇಳಿದಳು. ಅದನ್ನು ಸರಿಮಾಡುವುದು ಬೇಕಿರಲಿಲ್ಲ ಸರ್. ಹಾಗೆಯೇ ಬರೆದುಕೊಂಡು ಬರಬೇಕಿತ್ತು. ಆ ವರ್ಷ ನಮ್ಮ ಮನೆ ಇದ್ದದ್ದೇ ಹಾಗೆ.

ಆ ಕಾಲಂ ಎಲ್ಲಿಗೆ ಹೋಯಿತು ಗೊತ್ತೇ? ೧೯೯೫ರಲ್ಲಿ ಇಲಾಖೆಯವರು ವಸತಿ ಶಾಲೆಗೆ ಹುಡುಗಿಯರನ್ನು ಆರಿಸಿದ್ದು ಇದೇ ಫಾರ್ಮಿನಿಂದ, ಮನೆಯ ಸಂಖ್ಯೆ ಹಿಡಿದು. ಹನ್ನೆರಡರಲ್ಲಿ 'ಹೌದು' ಇದ್ದವರಿಗೆಲ್ಲ ಸೀಟು. ನಮ್ಮ ಪಕ್ಕದ ಮನೆಯ ಕಸ್ತೂರೆವ್ವ ಹೋದಳು, ಈಗ ನರ್ಸ್ ಆಗಿದ್ದಾಳೆ. ಅಷ್ಟೇ ಅಲ್ಲ. 'ಹೆಚ್ಚಿನ ಹುಡುಗಿಯರಿಗೇ ಓದುವ ಮನಸ್ಸಿಲ್ಲ' ಎಂದು ವರದಿಯಲ್ಲಿ ಒಂದು ವಾಕ್ಯ ಬಂತು, ಅದನ್ನು ತೋರಿಸಿ ಮೂರು ವರ್ಷಕ್ಕೆ ಸೀಟು ಕಡಿಮೆ ಮಾಡಿದರು. ನಿಮ್ಮ ಏಳು ಮನೆ ತಿದ್ದಿದರೆ ಆ ವಾಕ್ಯ ನಿಲ್ಲುವುದಿಲ್ಲ. ಮೂರು ಸಲ ಲೆಕ್ಕ ಮಾಡಿದ್ದೇನೆ.

ಈಗ ಅಕ್ಕನ ಮಾತು. ಆಕೆ ಇಲ್ಲೇ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಂಪಿನ ವಾಷರ್ ಪರೀಕ್ಷಿಸುವ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಯಾವ ವಾಷರ್ ಕೂದಲೆಳೆ ತೆಳ್ಳಗಿದೆ ಎಂದು ಬೆರಳಲ್ಲೇ ಹೇಳುತ್ತಾಳೆ. ಆ ಮೇಜನ್ನು ನೀನೇ ನಡೆಸು ಎಂದು ಅಲ್ಲಿಯ ಇಸ್ತಿಯಾಕ ಸಾಹೇಬರು ಕೇಳುತ್ತಿದ್ದಾರೆ. ದಿನಾ ಒಂದು ಪುಟದ ರಿಪೋರ್ಟು ಬರೆಯಬೇಕು, ದಸರಾದೊಳಗೆ ಉತ್ತರ ಹೇಳಬೇಕು. ಅಕ್ಕ ಒಲ್ಲೆ ಅನ್ನುತ್ತಿದ್ದಾಳೆ. ಯಾಕೆ ಅಂದರೆ, "ನಾ ದಡ್ಡಿವಾ. ಸರಕಾರದವರ ಕಸ್ತೂರಿನ್ನ ಆರಿಸಿ ನನ್ನ ಬಿಟ್ಟರು, ಸುಮ್ಮ ಬಿಟ್ಟಾರೇನ?" ಮೂವತ್ತು ವರ್ಷದಿಂದ ಆಕೆ ನಂಬಿಕೊಂಡು ಬಂದದ್ದು ಇದನ್ನು.

ಇದನ್ನು ಆಕೆಗೆ ನಾನು ಹೇಳುವುದಿಲ್ಲ. ಅಳಿಸಿದವರು ನೀವು, ಹೇಳಬೇಕಾದವರೂ ನೀವೇ. ದಸರಾಕ್ಕೆ ಮೊದಲು ಹೇಳಿ.

ನನ್ನದೂ ಒಂದಿದೆ. ನನ್ನನ್ನು ಶನಿವಾರ ಶನಿವಾರ ಮನೆಗೆ ಕರೆದು ಕಲಿಸಿದಿರಲ್ಲ, ಅದು ನನ್ನ ಲೆಕ್ಕ ಚೆನ್ನಾಗಿತ್ತು ಎಂದೋ, ನಾನು ನಲವತ್ತೊಂದನೇ ಮನೆಯವಳು ಎಂದೋ?

ಕರುಣಾ


ಹುಬ್ಬಳ್ಳಿ
೬ ಆಗಸ್ಟ್ ೨೦೨೪

ಸರ್,

ಏಳು ವಾರವಾಯಿತು. ನಿಮಗೆ ಹುಷಾರಿಲ್ಲವೇನೋ ಎಂದು ಹೆದರಿ ಭಾನುವಾರ ಮಾಳಮಡ್ಡಿಗೆ ಬಂದಿದ್ದೆ. ಗೇಟಿನಿಂದ ನೋಡಿದರೆ ನೀವು ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದಿರಿ, ಪಕ್ಕದ ಮನೆಯವರಿಗೆ ಯಾವುದೋ ಸುದ್ದಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಿರಿ. ಸಿಟ್ಟು ನೆತ್ತಿಗೇರಿತು. ಒಳಗೆ ಬರದೆ ಹೊರಟುಹೋದೆ.

ಏಳು ಮನೆಯ ವಿಷಯ ಕೇಂದ್ರಕ್ಕೆ ಬರೆದುಕೊಟ್ಟಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ, ಆದರೆ ಫಾರ್ಮಿನ ಕೊನೆಗೆ ನಿಮ್ಮ ಸಹಿ ಇದೆ. ನಿಮ್ಮನ್ನು ಎಲ್ಲರೆದುರು ನಿಲ್ಲಿಸುವ ಆಸೆ ನನಗಿಲ್ಲ. ನನಗೆ ಬೇಕಾದದ್ದು ಅಕ್ಕನಿಗೆ ಒಂದು ಪತ್ರ ಮಾತ್ರ.

ಕರುಣಾ


ಮಾಳಮಡ್ಡಿ, ಧಾರವಾಡ
೨೫ ಆಗಸ್ಟ್ ೨೦೨೪

ಕರುಣಾ,

ನಿನಗೆ ಐದು ಪತ್ರ ಬರೆದು ಐದನ್ನೂ ಹರಿದೆ. ಮೊದಲ ಮೂರರಲ್ಲಿ ನಾನೇ ಸರಿ ಎಂದು ಸಾಧಿಸಿದ್ದೆ, ಸಾಧನೆ ಚೆನ್ನಾಗಿಯೇ ಇತ್ತು. ನಾಲ್ಕನೆಯದರಲ್ಲಿ ತಪ್ಪನ್ನು ಫಾರ್ಮು ಮಾಡಿದವರ ಕೊರಳಿಗೆ ಕಟ್ಟಿದ್ದೆ. ಐದನೆಯದರಲ್ಲಿ ಬರೀ ಗೋಳು, ಓದಿ ನನಗೇ ನಾಚಿಕೆಯಾಯಿತು. ಇದು ಆರನೆಯದು, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿನ್ನ ಅಕ್ಕ ಹೌದು ಅಂದಳು. ಬಾಗಿಲ ಹಿಂದಿನಿಂದ, "ನನಗ ಸಾಲಿ ಕಲೀಬೇಕ್ರಿ ಮಾಸ್ತರ್ರ" ಅಂದಳು. ನಿನ್ನ ಅಪ್ಪ ತಲೆ ಎತ್ತಲಿಲ್ಲ. ನಾನು ಪೆನ್ಸಿಲ್ಲಿನಲ್ಲಿ ಒಂದು ಎಂದು ಬರೆದೆ. ಜೂನ್‌ನಲ್ಲಿ ನಿನಗೆ ಬರೆದದ್ದು ಸುಳ್ಳು. ಗೊತ್ತಿದ್ದೇ ಸುಳ್ಳು ಬರೆದೆನೋ, ಶಾಯಿಯಲ್ಲಿದ್ದದ್ದನ್ನೇ ನಂಬಿ ನಂಬಿ ಅದೇ ನೆನಪಾಗಿ ಕೂತಿತ್ತೋ, ತಿಳಿಯದು. ನಿನ್ನ ಎರಡನೇ ಪತ್ರದಲ್ಲಿ ಪೆನ್ಸಿಲ್ ಎಂಬ ಶಬ್ದ ಓದಿದ ಕೂಡಲೇ ಆ ಹುಡುಗಿಯ ದನಿ ಕೇಳಿಸಿತು. ಈ ಕಿವಿಗೆ, ನೋಡು.

ಅದೊಂದು ಭಾನುವಾರ. ಚರ್ಚಿನಿಂದ ಬಂದು, ನನ್ನ ಹೆಂಡತಿ ಅನ್ನಾ ಮಾಡಿದ ಅಡುಗೆ ಹೊಟ್ಟೆ ಬಿರಿಯುವಷ್ಟು ಉಂಡು, ಶಾಯಿ ಹಾಕಲು ಕೂತೆ. ಮರುದಿನ ಫಾರ್ಮು ಒಪ್ಪಿಸಬೇಕಿತ್ತು. ಒಂಬತ್ತಕ್ಕೂ ಹನ್ನೆರಡಕ್ಕೂ ತಾಳೆ ಬೀಳದಿದ್ದರೆ ಮತ್ತೆ ಆ ಮನೆಗೆ ಹೋಗಿ ಕೇಳಬೇಕೆಂಬ ನಿಯಮ. ಅಳ್ನಾವರದ ಗಾಡಿ ಹತ್ತಿದರೆ ಮುಗದ ಎಷ್ಟು ದೂರ? ಆದರೆ ಬಿಸಿಲಿತ್ತು, ಹೋಗಲು ಬೇಸರವಾಯಿತು. ಆಗ ತರ್ಕ ಹೂಡಿದೆ. ಎರಡರಲ್ಲಿ ಒಂದು ಮಾತ್ರ ನಿಜ. ತಂದೆ ದೊಡ್ಡವನು, ಅವನ ಮಾತು ಬದಲಾಗದು. ಹುಡುಗಿಯ ಮನಸ್ಸು ಇವತ್ತೊಂದು ನಾಳೆಯೊಂದು. ಆದ್ದರಿಂದ ಹುಡುಗಿಯದು ತಪ್ಪು. ಏಳು ಮನೆಯನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಮಲಗಿದೆ. ನನ್ನ ಫಾರ್ಮುಗಳಲ್ಲಿ ಒಂದೂ ತಕರಾರಿಲ್ಲ ಎಂದು ಕೇಂದ್ರದವರು ಹೊಗಳಿದರು, ನಾನು ಹಿಗ್ಗಿದೆ.

ಮಾರನೆಯ ವರ್ಷ ಮುಗದದ ಶಾಲೆಯ ಗೋಡೆಯ ಮೇಲೆ ಸೀಟಿನ ಪಟ್ಟಿ ಕಂಡೆ. ನನ್ನ ಏಳು ಹುಡುಗಿಯರ ಹೆಸರಿರಲಿಲ್ಲ. ಆಗಲೇ ಹೇಳಬಹುದಿತ್ತು. ಒಂದು ವಾರ ಹೇಳುತ್ತೇನೆ ಎಂದುಕೊಂಡೆ, ಆಮೇಲೆ ಎಂದುಕೊಳ್ಳುವುದನ್ನೂ ಬಿಟ್ಟೆ. ಅನ್ನಾ ಸಾಯುವವರೆಗೆ ಅವಳಿಗೂ ಹೇಳಲಿಲ್ಲ.

ಇನ್ನು ನಿನ್ನ ಪ್ರಶ್ನೆ. ನೀನು ಎಂಟನೇ ಇಯತ್ತೆಗೆ ಬಂದಾಗ ಹಾಜರಿ ಪುಸ್ತಕದಲ್ಲಿ ಹುಚ್ಚಪ್ಪ, ಮುಗದ ಎಂದು ಓದಿ ನಲವತ್ತೊಂದನೇ ಮನೆ ಎಂದು ಗುರುತು ಹಿಡಿದೆ. ಮೊದಲು ಕರೆದದ್ದು ಆ ಕಾರಣಕ್ಕೇ. ಮೂರನೆಯ ಶನಿವಾರ ನೀನು ನನ್ನ ಲೆಕ್ಕದಲ್ಲೇ ತಪ್ಪು ಹಿಡಿದೆ. ಅಂದಿನಿಂದ ಶನಿವಾರ ಯಾವಾಗ ಬಂದೀತು ಎಂದು ಕಾಯುತ್ತಿದ್ದೆ. ಎರಡರಲ್ಲಿ ಯಾವುದು ಎಷ್ಟು ಎಂದರೆ ನನಗೆ ಗೊತ್ತಿಲ್ಲ. ಈ ಮಾತನ್ನು ನಿನ್ನೆದುರು ನಾನು ಹಿಂದೆ ಆಡಿದ ನೆನಪಿಲ್ಲ.

ಇದರೊಂದಿಗೆ ಎರಡು ಕಾಗದ ಇವೆ. ಒಂದು ಕೇಂದ್ರಕ್ಕೆ, ನನ್ನ ಹೆಸರು ಸಹಿ ಹಾಕಿ ಏಳೂ ಮನೆಯ ವಿವರ ಬರೆದಿದ್ದೇನೆ. ಇನ್ನೊಂದು ನಿನ್ನ ಅಕ್ಕನಿಗೆ. ಅಂಟು ಹಚ್ಚಿದ್ದೇನೆ, ಒಡೆಯಬೇಡ. ಉಳಿದ ಆರು ಜನರ ವಿಳಾಸ ಹುಡುಕಿಕೊಡು, ಅವರಿಗೂ ಬರೆಯುತ್ತೇನೆ.

ಬೆಂಜಮಿನ್


ಹುಬ್ಬಳ್ಳಿ
೧೬ ಸೆಪ್ಟೆಂಬರ್ ೨೦೨೪

ಸರ್,

ನಿನ್ನೆ ಬೇಲೂರಿಗೆ ಹೋಗಿ ಪತ್ರ ಕೊಟ್ಟೆ. ಅಕ್ಕ ಕೈ ಒರೆಸಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರ ನನ್ನ ದನಿ ಅವರಿಗೆ ಕೇಳಿಸಿತ್ತಾ?" ಅಂದಳು.

ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದಳು. ಪಟ್ಟಿಯಲ್ಲಿ ಹೆಸರು ಬರದಿದ್ದಾಗ ಆಕೆ ಎಷ್ಟೋ ದಿನ ಇದನ್ನೇ ಯೋಚಿಸಿದ್ದಳಂತೆ: ಬಾಗಿಲ ಹಿಂದಿನಿಂದ ಮೆಲ್ಲಗೆ ಹೇಳಿದೆ, ಮಾಸ್ತರರಿಗೆ ಕೇಳಿಸಲಿಲ್ಲವೇನೋ, ಹೊರಗೆ ಬಂದು ಗಟ್ಟಿಯಾಗಿ ಹೇಳಬೇಕಿತ್ತು. ಅದೂ ಅಲ್ಲದಿದ್ದರೆ ತಾನು ದಡ್ಡಿಯೇ ಇರಬೇಕು. ಈ ಎರಡರಲ್ಲೇ ಆಕೆಯ ತಲೆ ಸುತ್ತುತ್ತಿತ್ತು. ಮೂರನೆಯದೊಂದು ಇರಬಹುದೆಂದು ಆಕೆಗೆ ಹೊಳೆದೇ ಇರಲಿಲ್ಲ.

ಆಮೇಲೆ ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಬಡಿದ ಸದ್ದಿಗೆ ಅಕ್ಕನ ಗಂಡ ಹೊಳೆಯಪ್ಪ ಮಾವ ಎದ್ದು ಬಂದು, "ಯಾರ ಮ್ಯಾಲ ಸಿಟ್ಟವಾ? ನಾ ಏನೂ ಮಾಡಿಲ್ಲ ನೋಡು" ಅಂದ. ಆಗ ಅಕ್ಕ ಅತ್ತಳು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು, "ನಾ ದಡ್ಡಿ ಇರಲಿಲ್ಲ ಅಲ್ಲೇನ?" ಎಂದು ಮತ್ತೆ ಮತ್ತೆ ಕೇಳಿದಳು. ಇಲ್ಲವ್ವಾ, ಇಲ್ಲ ಅಂದೆ. ನಾನೂ ಅತ್ತೆ. ನಿಮ್ಮ ಮೇಲೆ ಸಿಟ್ಟೂ ಇತ್ತು, ನೀವು ಬರೆದಿರಲ್ಲ ಎಂದು ಹಿತವೂ ಆಗಿತ್ತು.

ಉತ್ತರ ನಾನೇ ಬರೆಯುತ್ತೇನೆ, ನೀ ನಡುವೆ ಬರಬೇಡ ಅಂದಿದ್ದಾಳೆ. ಆರು ವಿಳಾಸಗಳಲ್ಲಿ ನಾಲ್ಕು ಸಿಕ್ಕಿವೆ, ಹಿಂದಿನ ಪುಟದಲ್ಲಿವೆ. ಶನಿವಾರ ಬರುತ್ತೇನೆ. ಪಾಠಕ್ಕಲ್ಲ, ಸುಮ್ಮನೆ.

ಕರುಣಾ


ಬೇಲೂರು
೨೦ ಅಕ್ಟೋಬರ್ ೨೦೨೪

ಮಾಸ್ತರರಿಗೆ,

ನೀವು ನಮ್ಮ ತಂಗಿ ಮಾಸ್ತರು, ನನ್ನ ಮಾಸ್ತರಲ್ಲ. ಆದರೂ ಹಿಂಗ ಬರೀತೇನಿ, ಬ್ಯಾರೆ ಏನ ಅನಬೇಕ ತಿಳೀವಲ್ದು. ಕಾಗುಣಿತ ತಪ್ಪಿದ್ರ ತಪ್ಪಲಿ, ಯಾರ ಕಡಿಂದೂ ತಿದ್ದಿಸಿಲ್ಲ.

ನಮ್ಮ ಮನ್ಯಾಗಿನವರು "ಫೋನ್ ಹಚ್ಚಿ ಒಂದ್ ಮಾತು ಹೇಳಿ ಬಿಡವಾ, ಮುದಕರದಾರ" ಅಂದ್ರು. ನಿಮಗ ಕಿವಿ ಕೇಳಂಗಿಲ್ಲ ಅಂತ ಕರುಣಾ ಹೇಳ್ಯಾಳ. ನನಗೂ ಈ ಮಾತು ಬರದ ಹೇಳಬೇಕಾಗಿತ್ತು.

ದಸರಾದ ಮರುದಿನ ಮೇಜಿನ ಕೆಲಸಾ ಹಿಡದೇನಿ. ಮೊದಲನೇ ದಿನ ರಿಪೋರ್ಟ ಬರಿಯಾಕ ಒಂದು ತಾಸು ಹತ್ತಿತ್ತು, ಈಗ ಹತ್ತು ಮಿನಿಟಿನ್ಯಾಗ ಆಗತೈತಿ. ನನ್ನ ಸಂಗಾಟ ಶಾಕೀರಾ ಅಂತ ಒಬ್ಬಾಕಿ ಅದಾಳ, ಹೊಸದಾಗಿ ಬಂದಾಕಿ. ಆಕಿ ಒಂದು ವಾಷರ್ ತಪ್ಪೈತಿ ಅಂದ್ಲು, ನಾ ಸರಿ ಐತಿ ಅಂದೆ. ರಿಪೋರ್ಟಿನ್ಯಾಗ ಇಬ್ಬರದೂ ಬರದೆ. ಇಸ್ತಿಯಾಕ ಸಾಹೇಬ್ರು ಅಳತಿ ಮಾಡಿ ನೋಡಿದ್ರು, ಆಕಿದ ಸರಿ ಇತ್ತು. ನಕ್ಕೆ ಬಿಡ್ರಿ.

ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ. ಅಪ್ಪ ಹೋಗಿ ಒಂಬತ್ತು ವರ್ಷಾತು, ಅವನ ಮ್ಯಾಲೂ ಇತ್ತು, ಆದ್ರ ಇಷ್ಟಿರಲಿಲ್ಲ. ಅಪ್ಪ ನನ್ನ ಮಾತು ಕೇಳಲೇ ಇಲ್ಲ. ನೀವು ಕೇಳಿದ್ರಿ, ಬರಕೊಂಡ್ರಿ, ಆಮ್ಯಾಲ ಅಳಿಸಿದ್ರಿ. ನನ್ನ ಮಗಳ ವಯಸ್ಸಿನ ಹುಡುಗ್ಯಾರ ಸಾಲಿ ಬಸ್ಸಿನ್ಯಾಗ ಹೋಗೂದು ಕಂಡ್ರ ಈಗೂ ಬಸ್ಸು ಮರಿಯಾಗೂತನಾ ನಿಂತು ನೋಡತೇನಿ. ಆ ಪ್ಯಾಟಿ ಸಾಲಿ, ಆ ಸೀಟು, ಆ ಹದಿಮೂರು ವರ್ಷದ ಪೂನಮ್, ಯಾವುದೂ ತಿರುಗಿ ಬರೂದಿಲ್ಲ.

ಕ್ಷಮಾ ಮಾಡ್ತೀಯೇನವಾ ಅಂತ ಕೇಳೀರಿ. ಇವತ್ತ ಕೇಳಿದ್ರ ಇಲ್ಲರಿ. ಬರೂ ವರ್ಷ ಏನ ಅಂತೇನೋ ನನಗ ಗೊತ್ತಿಲ್ಲ, ನಿಮಗೂ ಗೊತ್ತಾಗೂದಿಲ್ಲ. ಅದಕ್ಕ ಆರೋಗ್ಯ ಜ್ವಾಪಾನ ಮಾಡ್ಕೊಂಡು, ನಮ್ಮ ಮನಿಗೆ ಬಂದು, ನನ್ನ ಎದುರಿಗೆ ಕುಂತು, ಇನ್ನೊಮ್ಮೆ ಕೇಳ್ರಿ. ಅಲ್ಲೀತನಾ ನನ್ನ ಉತ್ತರಾ ನೀವ ಬರಕೋಬ್ಯಾಡ್ರಿ.

ಪೂನಮ್